ಕಂಪ್ಯೂಟರ್ ಬಂತು, ಉತ್ಪಾದಕತೆ ಎಲ್ಲಿ?

ಲೆಕ್ಕದಪುಸ್ತಕ: ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ (ಒಬ್ಬ ಕೆಲಸಗಾರ ಗಂಟೆಗೆ ಎಷ್ಟು ಉತ್ಪಾದಿಸುತ್ತಾನೆ ಎಂಬುದರ) ಅಂಕಿಅಂಶದಲ್ಲಿ ಮಾತ್ರ ಕಾಣುವುದಿಲ್ಲ ಅಂತ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲೇ ಕುಟುಕಿದ್ದರು. ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಈಗ ಜೇಬು ಜೇಬಿನಲ್ಲೂ ಫೋನಿದೆ. ದೇಶಗಳು ಮಾತ್ರ ಅದೇ ಓಟದಲ್ಲಿ ಶ್ರೀಮಂತ ಆಗಲಿಲ್ಲ. ಐಟಿಗೆ ಸುರಿದ ದುಡ್ಡೆಲ್ಲ ದಂಡವೇ?

ರಾತ್ರಿಪಾಳಿ: ಕಥೆ ಅರ್ಧಕ್ಕೆ ನಿಲ್ಲಿಸಿಬಿಟ್ರಲ್ಲ ಸಾರ್. ಅಮೆರಿಕದಲ್ಲಿ ಕಾರ್ಮಿಕ ಉತ್ಪಾದಕತೆ 1973ರ ನಂತರ ವರ್ಷಕ್ಕೆ ಸುಮಾರು ಶೇ. 1.5ರಂತೆ ಕುಂಟುತ್ತಿತ್ತು. 1995ರಿಂದ 2004ರವರೆಗೆ ಆ ವೇಗ ಹೆಚ್ಚುಕಮ್ಮಿ ಇಮ್ಮಡಿಯಾಯಿತು. ಚಿಪ್ ಮಾಡುವವರದ್ದಷ್ಟೇ ಅಲ್ಲ, ಅದನ್ನು ಬಳಸಿದ ಸಗಟು, ಚಿಲ್ಲರೆ ವ್ಯಾಪಾರದ್ದೂ ಅದರಲ್ಲಿ ದೊಡ್ಡ ಪಾಲು.

ಲೆಕ್ಕದಪುಸ್ತಕ: ಆಮೇಲೆ? 2005ರ ಹೊತ್ತಿಗೆ ಮತ್ತೆ ಮಲಗಿತು. ಐಫೋನ್ ಬಂದದ್ದು 2007ರಲ್ಲಿ!

ಹಳೇಮೋಟಾರು: ಇದಕ್ಕೆ ಪಾಲ್ ಡೇವಿಡ್ ಎಂಬ ಆರ್ಥಿಕ ಇತಿಹಾಸಕಾರ 1990ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಸ್ಥಾವರ ತೆರೆದದ್ದು 1882ರಲ್ಲಿ. ಕಾರ್ಖಾನೆಗಳಿಗೆ ಅದರ ಪೂರ್ತಿ ಲಾಭ ಸಿಕ್ಕಿದ್ದು 1920ರ ದಶಕದಲ್ಲಿ. ಮೊದಮೊದಲು ಮಾಲೀಕರು ಉಗಿಯಂತ್ರ ಕಿತ್ತು ಅದೇ ಜಾಗದಲ್ಲಿ ದೊಡ್ಡದೊಂದು ಮೋಟಾರು ಕೂರಿಸಿದರು, ಅಷ್ಟೇ. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ತಿರುಗಿಸುವ ಚಾವಣಿಯ ಉದ್ದನೆ ಶಾಫ್ಟು, ಬೆಲ್ಟುಗಳು, ಮಹಡಿ ಮೇಲೆ ಮಹಡಿಯ ಕಟ್ಟಡ ಎಲ್ಲ ಹಾಗೇ ಉಳಿದವು. ಯಂತ್ರಕ್ಕೊಂದು ಪುಟ್ಟ ಮೋಟಾರು ಬಂದಾಗಲೇ ಯಂತ್ರಗಳನ್ನು ಕೆಲಸ ಸಾಗುವ ಕ್ರಮದಲ್ಲಿ ಜೋಡಿಸಲು ಆದದ್ದು. ಅಂದರೆ ಕಾರ್ಖಾನೆಯನ್ನೇ ಬಿಚ್ಚಿ ಕಟ್ಟಬೇಕಾಯಿತು. ನಮ್ಮ ಕಾಲದವರು ಹಳೇ ಶಾಫ್ಟಿಗೇ ಕಂಪ್ಯೂಟರ್ ಬಿಗಿದಿದ್ದಾರೆ.

ಗುಮಾಸ್ತ_ನಾನು: ಬಿಗಿದ ಕಂಪ್ಯೂಟರಿನ ಮುಂದೆ ಕೂತವನು ನಾನೇ ಸ್ವಾಮಿ. ಸಾಫ್ಟ್‌ವೇರ್ ಬಂತು, ರಿಜಿಸ್ಟರ್ ಹೋಗಲಿಲ್ಲ. ಒಂದೇ ಅಂಕಿ ಎರಡು ಸಲ ಬರೀತೀನಿ. ನನ್ನ ಉತ್ಪಾದಕತೆ ಇಳಿದಿದೆ, ಯಾರಾದ್ರೂ ಅಳೀಲಿ!

ರಾತ್ರಿಪಾಳಿ: 😂 ಇವರಿಗೆ ಪುರಾವೆಯೂ ಇದೆ. ಬ್ರಿಟನ್ನಿನಲ್ಲಿರುವ ಕಂಪನಿಗಳನ್ನೇ ಹೋಲಿಸಿ ನೋಡಿದಾಗ, ಅಮೆರಿಕನ್ ಒಡೆತನದವು ಐಟಿಯಿಂದ ಉಳಿದವರಿಗಿಂತ ಹೆಚ್ಚು ಹಿಂಡಿಕೊಂಡಿದ್ದವು. ದೇಶ ಒಂದೇ, ಕೆಲಸಗಾರರನ್ನು ನಡೆಸುವ ರೀತಿ ಬೇರೆ.

ತೂಕದಕಲ್ಲು: ಎಲ್ಲದಕ್ಕೂ ನಲವತ್ತು ವರ್ಷ ಕಾಯಬೇಕಿಲ್ಲ ಕಣ್ರೀ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ ಅವರ ಅಧ್ಯಯನ ನೋಡಿ. 1997ರಿಂದ 2001ರ ನಡುವೆ ಕೇರಳ ಕರಾವಳಿಗೆ ಮೊಬೈಲ್ ಬಂದಾಗ, ಮೀನುಗಾರರು ಯಾವ ದಡದಲ್ಲಿ ಕೊಳ್ಳುವವರಿದ್ದಾರೆ ಅಂತ ಸಮುದ್ರದಿಂದಲೇ ಕೇಳತೊಡಗಿದರು. ಅವರ ಲಾಭ ಸರಾಸರಿ ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಶೇ. 4 ಇಳಿಯಿತು. ಗಿರಾಕಿಯಿಲ್ಲದೆ ಮೀನು ಚೆಲ್ಲುವುದು ನಿಂತೇಹೋಯಿತು. ಅಲ್ಲಿ ಕೊರತೆಯಿದ್ದದ್ದು ಸುದ್ದಿಯದ್ದು, ಫೋನ್ ತಂದುಕೊಟ್ಟದ್ದೂ ಸುದ್ದಿಯನ್ನೇ.

ಇನ್ನೊಂದು, ಉಚಿತ ನಕ್ಷೆ, ಉಚಿತ ವಿಡಿಯೋ ಕರೆಗೆ ಬೆಲೆಯೇ ಇಲ್ಲವಲ್ಲ. ಅದರಿಂದ ಜನಕ್ಕಾಗುವ ಉಪಯೋಗ ಜಿಡಿಪಿಯಲ್ಲಿ ಕಾಣುವುದು ಕಷ್ಟ.

ಲೆಕ್ಕದಪುಸ್ತಕ: ಉಚಿತದ ವಾದ ಪೂರ್ತಿ ಒಪ್ಪಲಾರೆ, 2005ರ ನಂತರ ಉತ್ಪಾದಕತೆಯ ವೇಗ ಕುಸಿದದ್ದು ಅದಕ್ಕಿಂತ ದೊಡ್ಡದು. ಶಾಫ್ಟಿನ ಮಾತು ಒಪ್ಪಿದೆ. ಗುಮಾಸ್ತರೇ, ಆ ರಿಜಿಸ್ಟರ್ ಯಾಕೆ ಬಿಡಲ್ಲ?

ಗುಮಾಸ್ತ_ನಾನು: ಆಡಿಟ್‌ನವರು ಬಂದ್ರೆ ಮೊದಲು ಕೇಳೋದು ಅದನ್ನೇ.