ಸೀಡ್ರೀಮ್‌ನಂಥ ಚಿಕ್ಕ ಐಷಾರಾಮಿ ಹಡಗಿನಲ್ಲಿ ಹಿರಿಯರ ಈಜು, ನಡಿಗೆ, ವ್ಯಾಯಾಮಕ್ಕೆ ಅನುಕೂಲವಿದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಅಪ್ಪ, ಅಮ್ಮ ಮ್ಯೂನಿಕ್‌ಗೆ ನಮ್ಮ ಮನೆಗೆ ಬರುತ್ತಿದ್ದಾರೆ. ಅವರನ್ನು ಗ್ರೀಸಿನ ಪಿರೇಯಸ್ ಬಂದರಿನಿಂದ ಏಳು ದಿನ ಸೀಡ್ರೀಮ್ ಹಡಗಿನಲ್ಲಿ ಕರೆದೊಯ್ಯಬೇಕೆಂದಿದ್ದೇವೆ. ಎಪ್ಪತ್ತರ ಅಪ್ಪನಿಗೆ ದಿನಕ್ಕೊಮ್ಮೆ ಈಜದಿದ್ದರೆ ಊಟ ರುಚಿಸುವುದಿಲ್ಲ. ಅಮ್ಮನಿಗೆ ಎರಡು ವರ್ಷದ ಹಿಂದೆ ಬಲ ಮಂಡಿಯ ಕೀಲು ಬದಲಿಸಿದ್ದಾರೆ. ಚೇತರಿಸಿಕೊಂಡ ಮೇಲೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದನ್ನೂ ಮನೆಗೆ ಬಂದು ರಬ್ಬರ್ ಪಟ್ಟಿ ಹಿಡಿದು ಮಾಡುವ ವ್ಯಾಯಾಮವನ್ನೂ ಅವರು ತಪ್ಪಿಸಿದ್ದೇ ಇಲ್ಲ. ಇಷ್ಟು ಚಿಕ್ಕ ಹಡಗಿನಲ್ಲಿ ಇಬ್ಬರ ಅಭ್ಯಾಸವೂ ಕೆಡದಂತೆ ನೋಡಿಕೊಳ್ಳಬಹುದೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾವು ಇದೇ ಹಡಗಿನಲ್ಲಿ ಅತ್ತೆಯವರೊಂದಿಗೆ ಹೋಗಿಬಂದೆವು. ಸೀಡ್ರೀಮ್ ಹೆಸರಿನ ಎರಡೂ ಹಡಗುಗಳು 1980ರ ದಶಕದ ಮಧ್ಯದಲ್ಲಿ ಹೆಲ್ಸಿಂಕಿಯಲ್ಲಿ ಕಟ್ಟಿದವು. ಉದ್ದ ಸುಮಾರು 105 ಮೀಟರ್, ಪ್ರಯಾಣಿಕರು ಹೆಚ್ಚೆಂದರೆ 112. ದೊಡ್ಡ ಹಡಗುಗಳಲ್ಲಿರುವಂಥ ಓಟದ ಪಥವನ್ನು ಇಲ್ಲಿ ನಿರೀಕ್ಷಿಸಬೇಡಿ. ಜಿಮ್ ಒಂದು ಸಣ್ಣ ಕೋಣೆ; ಟ್ರೆಡ್‌ಮಿಲ್, ಸೈಕಲ್ ಮುಂತಾದ ಕೆಲವೇ ಯಂತ್ರಗಳಿವೆ. ಬೆಳಗಿನ ಉಪಾಹಾರಕ್ಕೆ ಮೊದಲು ಕಾಯಬೇಕಾಗಬಹುದು, ಹತ್ತು ಗಂಟೆಯ ನಂತರ ಎಲ್ಲರೂ ದಡಕ್ಕೆ ಹೋದಾಗ ಬಹುಮಟ್ಟಿಗೆ ಖಾಲಿ ಇರುತ್ತದೆ. ಯೋಗದ ತರಗತಿ, ಥಾಯ್ ಮಸಾಜ್ ಎರಡೂ ಇವೆ. ಈಜುಕೊಳ ಮೈ ತಣಿಸಿಕೊಳ್ಳುವುದಕ್ಕೆ ಸಾಕು. ನಿಮ್ಮ ತಂದೆಯವರಿಗೆ ನಾಲ್ಕು ಕೈ ಬೀಸುವಷ್ಟರಲ್ಲಿ ಗೋಡೆ ಸಿಗುತ್ತದೆ.

ಅವರಿಗೆ ಬೇಕಾದದ್ದು ಹಡಗಿನ ಹಿಂಬದಿಯಲ್ಲಿದೆ. ಹಡಗು ದಡಕ್ಕೆ ತಾಗದೆ ಸಮುದ್ರದಲ್ಲೇ ಲಂಗರು ಹಾಕಿ ನಿಂತ ದಿನ ಅಲ್ಲಿನ ಒಂದು ವೇದಿಕೆಯನ್ನು ನೀರಿನ ಮಟ್ಟಕ್ಕೆ ಇಳಿಸುತ್ತಾರೆ. ಕಯಾಕ್, ನಿಂತು ಹುಟ್ಟು ಹಾಕುವ ಹಲಗೆ, ಸಮುದ್ರದ ಈಜು ಎಲ್ಲವೂ ಅಲ್ಲಿಂದಲೇ. ನಮ್ಮ ಅತ್ತೆ ಮೊದಲ ಸಲ ಕಯಾಕ್‌ಗೆ ಇಳಿದದ್ದು ಚೆನ್ನಾಗಿ ನೆನಪಿದೆ. ವೇದಿಕೆ ಒಂದು ಗೇಣು ಏಳುತ್ತದೆ, ಒಂದು ಗೇಣು ಇಳಿಯುತ್ತದೆ, ಕಾಲಡಿಯಲ್ಲಿ ನೀರು ಹರಿದಾಡುತ್ತಿರುತ್ತದೆ. ಸಿಬ್ಬಂದಿಯ ಹುಡುಗ ಅವರ ಮೊಣಕೈ ಹಿಡಿದುಕೊಂಡು ಎರಡು ಅಲೆ ದಾಟಲಿ ಎಂದು ಕಾದು, ಮೂರನೆಯದಕ್ಕೆ "ಈಗ" ಎಂದ. ಅವರು ಕುಳಿತಾಗ ಕಯಾಕ್ ಅಲುಗಾಡಲೂ ಇಲ್ಲ. ಆದರೆ ಗಾಳಿ ಜೋರಾದರೆ ಅಥವಾ ಹಡಗನ್ನು ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ಕಟ್ಟಿದ್ದರೆ ಆ ವೇದಿಕೆಯನ್ನು ತೆರೆಯುವುದಿಲ್ಲ. ಈಜಿಯನ್ ಸಮುದ್ರದಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿಯ ಅಬ್ಬರ ಜುಲೈ, ಆಗಸ್ಟಿನಲ್ಲಿ ಹೆಚ್ಚು. ನೀವು ಸೆಪ್ಟೆಂಬರ್ ಆರಿಸಿಕೊಂಡದ್ದು ಒಳ್ಳೆಯದೇ ಆಯಿತು.

ಎರಡನೆಯ ಉತ್ತರ

ನಾನು ಫಿಸಿಯೋಥೆರಪಿಸ್ಟ್ ಆದ್ದರಿಂದ ನಿಮ್ಮ ತಾಯಿಯವರ ವಿಷಯವಷ್ಟೇ ಬರೆಯುತ್ತೇನೆ. ಹಡಗು ಸಾಗುತ್ತಿರುವಾಗ ಅವರು ಟ್ರೆಡ್‌ಮಿಲ್ ಹತ್ತುವುದು ಬೇಡ. ಕೆಳಗೆ ಪಟ್ಟಿಯೂ ಓಡುತ್ತಿರುತ್ತದೆ, ನೆಲವೂ ಪಕ್ಕಕ್ಕೆ ವಾಲುತ್ತಿರುತ್ತದೆ; ಆ ವಾಲಾಟವನ್ನು ತಡೆಯುವ ಭಾರ ಮಂಡಿಯ ಮೇಲೆ ಬೀಳುತ್ತದೆ. ಬೆನ್ನಿಗೆ ಆಸರೆಯಿರುವ ಸೈಕಲ್ ಇದ್ದರೆ ಅದೇ ವಾಸಿ. ರಬ್ಬರ್ ಪಟ್ಟಿಯ ವ್ಯಾಯಾಮವನ್ನು ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತೇ ಮಾಡಲಿ.

ಇನ್ನೊಂದು ಮಾತು, ಇದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ತಂದೆಯವರಿಗೆ ಅನುಕೂಲವಾದ ಲಂಗರಿನ ದಿನವೇ ತಾಯಿಯವರಿಗೆ ಕಷ್ಟದ ದಿನ. ಅಂದು ದಡಕ್ಕೆ ಹೋಗಬೇಕಾದರೆ ಮೆಟ್ಟಿಲಿಳಿದು, ತೂಗಾಡುವ ಸಣ್ಣ ದೋಣಿಗೆ ಕಾಲಿಡಬೇಕು. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಹತ್ತುವಾಗ ಒಳ್ಳೆಯ ಕಾಲು ಮೊದಲು ಎಂಬುದನ್ನು ಅವರಿಗೆ ಆಗಲೇ ಕಲಿಸಿರುತ್ತಾರೆ, ಅದನ್ನೇ ಪಾಲಿಸಲಿ. ಬುಕ್ ಮಾಡುವ ಮೊದಲು ಯಾವ ಊರಿನಲ್ಲಿ ಲಂಗರು, ಯಾವ ಊರಿನಲ್ಲಿ ಧಕ್ಕೆ ಎಂದು ಕಂಪನಿಗೆ ಬರೆದು ಕೇಳಿ, ತಾಯಿಯವರ ಶಸ್ತ್ರಚಿಕಿತ್ಸಕರ ಅನುಮತಿಯನ್ನೂ ಪಡೆಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದಗಳು. ಲಂಗರಿನ ವಿಷಯ ನಮಗೆ ಹೊಳೆದೇ ಇರಲಿಲ್ಲ. ನಾವು ನೋಡುತ್ತಿರುವ ಮಾರ್ಗದಲ್ಲಿ ಸ್ಯಾಂಟೊರಿನಿ, ಹೈಡ್ರಾ, ನಾಫ್ಲಿಯೊ ಇವೆ. ಅಮ್ಮನ ನಡಿಗೆಗೆ ಇವುಗಳಲ್ಲಿ ಯಾವುದು ಸೂಕ್ತ?

ಮೊದಲ ಉತ್ತರ ಬರೆದವರು

ನಾಫ್ಲಿಯೊ, ಅನುಮಾನವೇ ಬೇಡ. ಬಂದರಿನಿಂದ ಅಕ್ರೊನಾಫ್ಲಿಯಾ ಬಂಡೆಯನ್ನು ಬಳಸಿಕೊಂಡು ಅರ್ವಾನಿಟಿಯಾ ಕಡಲತೀರಕ್ಕೆ ಹೋಗುವ ಕಾಲುದಾರಿ ಹೆಚ್ಚುಕಡಿಮೆ ಸಮತಟ್ಟಾಗಿದೆ, ಒಂದು ಮಗ್ಗುಲಿಗೆ ಉದ್ದಕ್ಕೂ ಸಮುದ್ರ. ದಿನವೂ ಕೆರೆ ಸುತ್ತುವವರಿಗೆ ಅದು ಸುಲಭದ ನಡಿಗೆ. ಪಲಮಿಡಿ ಕೋಟೆಯ ಮೆಟ್ಟಿಲುಗಳನ್ನು ಮಾತ್ರ ಕೆಳಗಿನಿಂದಲೇ ನೋಡಿ. ಹೈಡ್ರಾದಲ್ಲಿ ಕಸದ ಲಾರಿಯಂಥ ಕೆಲವನ್ನು ಬಿಟ್ಟರೆ ಮೋಟಾರು ವಾಹನಗಳೇ ಇಲ್ಲದ ಕಾರಣ ನಡೆಯಲು ಹಿತವಾಗಿರುತ್ತದೆ, ಆದರೆ ಬಂದರಿನ ಅಂಚು ಬಿಟ್ಟರೆ ಏರು ಶುರುವಾಗುತ್ತದೆ. ಸ್ಯಾಂಟೊರಿನಿಯಲ್ಲಿ ಹಳೆಯ ಬಂದರಿನಿಂದ ಫಿರಾ ಊರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಕೇಬಲ್ ಕಾರ್ ಇದ್ದರೂ ದೊಡ್ಡ ಹಡಗುಗಳು ಬಂದ ದಿನ ಅದಕ್ಕೆ ಉದ್ದನೆಯ ಸಾಲು. ಅಂದು ನಾವು ಅತ್ತೆಯವರೊಡನೆ ಹಡಗಿನಲ್ಲೇ ಉಳಿದೆವು. ಮೇಲಿನ ಡೆಕ್ಕಿನಲ್ಲಿ ಹಾಸಿಗೆ ಹಾಕಿದ ಮಂಚಗಳಿವೆ, ಅಲ್ಲಿ ಕುಳಿತರೆ ಬಿಳಿಯ ಊರು ಪೂರ್ತಿ ಕಾಣುತ್ತದೆ. ಹನ್ನೊಂದು ಗಂಟೆಗೆ ಜಿಮ್‌ಗೆ ಹೋದಾಗ ಅಲ್ಲಿ ಅವರೊಬ್ಬರೇ. ಸೈಕಲ್ ಮೇಲೆ ಇಪ್ಪತ್ತು ನಿಮಿಷ ಕುಳಿತಿದ್ದರು.