ಅಪ್‌ಡೇಟ್: ಜಪಾನಿನ ನಾಗಾನೊದ ಅಜ್ಜಿ ಮನೆಯಲ್ಲಿ ಒಯಾಕಿ (ಹೂರಣ ತುಂಬಿದ ಗೋಧಿ ತಿಂಡಿ) ಕಲಿತೆ

ಮೀನು ತಿನ್ನದವರು ಜಪಾನಿನಲ್ಲಿ ಮನೆ ಅಡುಗೆ ಕಲಿಯಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಕಲಿಯಬಹುದು, ಆದರೆ ಮೊದಲೇ ಬಿಡಿಸಿ ಹೇಳಬೇಕು. ನಾನು ಬರೀ 'ಸಸ್ಯಾಹಾರಿ' ಅಂದಿದ್ದೆ. ಅಜ್ಜಿ ಒಣ ಮೀನಿನ ದಾಶಿ ಮಾಡಿಟ್ಟಿದ್ದರು! ಅವರ ಲೆಕ್ಕದಲ್ಲಿ ಅದು ಬರೀ ಸಾರಿನ ನೀರು, ಅಷ್ಟೇ. ಪಾಪ, ತಕ್ಷಣ ಕೊಂಬು ನೆನೆಹಾಕಿದರು.

ಕೊಂಬು ಅಂದರೆ ಒಣಗಿಸಿದ ಕಡಲ ಪಾಚಿ. 1 ಲೀಟರ್ ನೀರಿಗೆ ಸುಮಾರು 10 ಗ್ರಾಂ ಸಾಕು. ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿ ಬರುವ ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಲೋಳೆ ಲೋಳೆ. ಈ ಸಾರಿಗೆ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಹಾಕುವುದು ಒಲೆ ಆರಿಸಿದ ಮೇಲೆ. ಅಂಗಡಿಯ ಮಿಸೊದಲ್ಲಿ ಕೆಲವಕ್ಕೆ ಮೀನಿನ ದಾಶಿ ಮೊದಲೇ ಸೇರಿರುತ್ತದೆ, ನೋಡಿ ಕೊಳ್ಳಿ.

ಒಯಾಕಿ ಮಾತ್ರ ನಮ್ಮ ಕಡುಬಿನ ದೂರದ ನೆಂಟ ಅನ್ನಿಸಿತು. ಗೋಧಿ ಹಿಟ್ಟಿನ ಕಣಕ, ಒಳಗೆ ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿ ಅಥವಾ ಮಿಸೊ ಬೆರೆಸಿದ ಬದನೆಕಾಯಿ. ಹಿಂದೆ ಒಲೆಯ ಬೂದಿಯಲ್ಲಿ ಸುಡುತ್ತಿದ್ದರಂತೆ. ನಾವು ಬಾಣಲೆಯಲ್ಲಿ ಕೆಂಪಗೆ ಮಾಡಿ ಹಬೆಯಲ್ಲಿ ಬೇಯಿಸಿದೆವು. ನನ್ನ ಮೊದಲ ಮೂರೂ ಒಡೆದವು. ಹೂರಣ ಜಾಸ್ತಿ ತುಂಬುವುದು ನನ್ನ ಹಳೇ ಚಾಳಿ.