ಲಿಂಟಲ್ ಹಾಕುವ ಮುಂಚೆ ಗಾಳಿಯ ದಾರಿ ಗೊತ್ತು ಮಾಡಿ

ಪ್ರಶ್ನೆ: ಕೆಂಗೇರಿ ಹತ್ತಿರ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಕಿಟಕಿ ಮಟ್ಟಕ್ಕೆ ಬಂದಿದೆ, ಇನ್ನು ಲಿಂಟಲ್ (ಕಿಟಕಿ-ಬಾಗಿಲುಗಳ ಮೇಲಿನ ಅಡ್ಡ ಕಾಂಕ್ರೀಟ್ ಪಟ್ಟಿ) ಹಾಕಬೇಕು. ಚಿಮಣಿ ಪೈಪು, ಬಾತ್‌ರೂಮ್ ಎಕ್ಸಾಸ್ಟ್, ಎಸಿ ಪೈಪು ಎಲ್ಲಾ ಆಮೇಲೆ ನೋಡ್ಕೊಳ್ಳೋಣ ಅಂತಾರೆ ಮೇಸ್ತ್ರಿ. ಈಗಲೇ ಮಾಡಿಸಲೇಬೇಕಾದದ್ದು ಏನಿದೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರಹಳ್ಳಿಯಿಂದ:
ಆಮೇಲೆ ಅಂದರೆ ಕೋರ್ ಕಟಿಂಗ್ ಸರ್, ಅಂದರೆ ಕಟ್ಟಿದ ಗೋಡೆಯನ್ನು ಮೆಷಿನ್‌ನಿಂದ ದುಂಡಗೆ ಕೊರೆಯೋದು. ಇಟ್ಟಿಗೆ ಗೋಡೆಯಾದರೆ ಹೇಗೋ ಆಗುತ್ತೆ. ತೂತು ಬೇಕಾದ ಜಾಗದಲ್ಲಿ ಬೀಮ್ ಇದ್ದರೆ ಏನು ಮಾಡ್ತೀರಿ? ಅದರೊಳಗಿನ ಕಂಬಿ ಕತ್ತರಿಸಲು ಯಾರಿಗೂ ಬಿಡಬೇಡಿ.

ಮೊದಲು ಒಲೆ ಎಲ್ಲಿ ಅಂತ ತೀರ್ಮಾನ ಮಾಡಿ. ಅದು ಹೊರಗೋಡೆಗೇ ಇದ್ದರೆ ಅರ್ಧ ಕೆಲಸ ಮುಗಿಯಿತು. ಚಿಮಣಿಗೆ ಸಾಮಾನ್ಯವಾಗಿ 6 ಇಂಚಿನ ಪೈಪು ಬೇಕು. ತೂತು ಅದಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. ಮನೆಯಲ್ಲಿ 4 ಇಂಚಿನ ಪೈಪು ಉಳಿದಿದೆ, ಅದನ್ನೇ ಹಾಕೋಣ ಅಂದರೆ ಒಪ್ಪಬೇಡಿ. ಎಳೆಯುವ ಶಕ್ತಿ ಕುಗ್ಗುತ್ತೆ, ಸದ್ದು ಜಾಸ್ತಿಯಾಗುತ್ತೆ. ಪ್ರತಿ ತಿರುವೂ ಗಾಳಿಯನ್ನು ತಡೆಯುತ್ತೆ, ಹಾಗಾಗಿ ಪೈಪು ಗಿಡ್ಡ, ನೇರ ಇದ್ದಷ್ಟೂ ಒಳ್ಳೆಯದು. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪಿನ ಮಡಿಕೆಗಳಲ್ಲಿ ಒಗ್ಗರಣೆ ಜಿಡ್ಡು ಕೂರುತ್ತೆ. ಒಳಗೆ ನಯವಾಗಿರುವ ಗಟ್ಟಿ ಪೈಪನ್ನೇ ಕೇಳಿ ಹಾಕಿಸಿ. ಹೊರಗಡೆಗೆ ಸ್ವಲ್ಪ ಇಳಿಜಾರು ಕೊಟ್ಟರೆ ಮಳೆನೀರು ಒಳಗೆ ಬರಲ್ಲ. ಹೊರಬಾಯಿಗೆ ಸಣ್ಣ ಜಾಲರಿ ಬೇಡ, ಜಿಡ್ಡಿನಿಂದ ಕಟ್ಟಿಕೊಳ್ಳುತ್ತೆ. ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆ ಇರುವ ಮುಚ್ಚಳ ಸಾಕು.

ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಚಿಮಣಿ ಹೊರಗೆ ದಬ್ಬಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು ಅಲ್ವಾ? ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದರೆ ನೆಲದ ಜಾಲಿಗಳಿಂದ ಚರಂಡಿ ವಾಸನೆಯನ್ನೇ ಎಳೆದು ತರುತ್ತೆ. ಒಲೆಯಿಂದ ದೂರದಲ್ಲಿ ಒಂದು ಕಿಟಕಿ ಇಡಿ, ಚಿಮಣಿ ಓಡುವಾಗ ಅದು ತೆರೆದಿರಲಿ.

ವಿದ್ಯಾರಣ್ಯಪುರದಿಂದ:
ಗ್ಯಾಸ್ ಗೀಸರ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಬಾತ್‌ರೂಮ್ ಒಳಗೆ ಇಡಲೇಬೇಡಿ. ಯುಟಿಲಿಟಿಯ (ಅಡುಗೆಮನೆ ಪಕ್ಕದ ಪಾತ್ರೆ-ಬಟ್ಟೆ ತೊಳೆಯುವ ಕಡೆ) ತೆರೆದ ಜಾಗದಲ್ಲಿ ಇಟ್ಟು ಬಿಸಿನೀರಿನ ಪೈಪು ಎಳೆಸಿ. ಗೀಸರ್‌ನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಬಾತ್‌ರೂಮಿನಲ್ಲಿ ಇದರಿಂದ ಜನ ಸತ್ತ ಸುದ್ದಿ ನಮ್ಮ ಬೆಂಗಳೂರಿನಲ್ಲೇ ಮತ್ತೆ ಮತ್ತೆ ಓದುತ್ತಿದ್ದೇವೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ಧೈರ್ಯ ಬೇಡ.

ಸಿಲಿಂಡರ್ ಕೂಡ ಹೊರಗಿರಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತೆ. ಮೇಲಿನ ವೆಂಟಿಲೇಟರ್‌ನಿಂದ ಅದು ಹೋಗಲ್ಲ. ಸಿಲಿಂಡರ್ ಇಡುವ ಜಾಗದಲ್ಲಿ ಕೆಳಗಡೆ ಜಾಲರಿ ಬೇಕು.

ಬಾತ್‌ರೂಮ್ ಬಾಗಿಲ ಕೆಳಗೆ ಅರ್ಧ ಇಂಚಿಗಿಂತ ಕಡಿಮೆಯಿಲ್ಲದ ಸಂದು ಬಿಡಿಸಿ. ಗ್ರಾನೈಟ್ ಹೊಸಿಲು ಕೂರಿಸಿದ ಮೇಲೂ ಅದು ಉಳಿಯುವಂತೆ ಅಳತೆ ಹೇಳಿ. ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತೆ, ಗೋಡೆ ಒದ್ದೆಯಾಗೇ ಇರುತ್ತೆ.

ಬಸವನಗುಡಿಯಿಂದ:
ನಾವಿರೋದು ಹಳೇ ಮನೆ. ಕಿಟಕಿಗಳ ಮೇಲೆ, ಸೂರಿನ ಹತ್ತಿರ ವೆಂಟಿಲೇಟರ್‌ಗಳಿವೆ. ಸಂಜೆ ಸೊಳ್ಳೆಗೆ ಹೆದರಿ ಕಿಟಕಿ ಹಾಕಿದರೂ ಬಿಸಿಗಾಳಿ ಅಲ್ಲಿಂದ ಹೋಗುತ್ತೆ. ಹೊಸ ಮನೆಗಳಲ್ಲಿ ಇದನ್ನು ಕೈಬಿಟ್ಟಿರುವುದು ನನಗೆ ನಿಜಕ್ಕೂ ಬೇಸರ. ತಾರಸಿಗೆ ಹೋಗುವ ಮೆಟ್ಟಿಲಿನ ಮೇಲಿನ ಹೆಡ್‌ರೂಮಿನಲ್ಲಾದರೂ ಜಾಲರಿ ಹಾಕಿದ ಲೂವರ್ (ಓರೆ ಪಟ್ಟಿಗಳ ಗಾಳಿಕಿಂಡಿ) ಇಡಿಸಿ, ಇಡೀ ಮನೆಯ ಸೆಕೆ ಅಲ್ಲಿಂದ ಮೇಲಕ್ಕೆ ಹೋಗುತ್ತೆ.

ಇಲ್ಲಿ ಮಳೆಗಾಲದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ. ಆ ಎರಡು ಕಡೆ ಎದುರುಬದುರು ಕಿಟಕಿ ಸಿಕ್ಕರೆ ಬಿಡಬೇಡಿ. ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ಅರ್ಧವಷ್ಟೇ ತೆರೆಯುತ್ತೆ. ಬಾಗಿಲಿನ ಹಾಗೆ ತೆರೆಯುವ ರೆಕ್ಕೆ ಕಿಟಕಿ ಪೂರ್ತಿ ತೆರೆಯುತ್ತೆ, ಸೆಟ್‌ಬ್ಯಾಕ್ (ಮನೆ ಸುತ್ತ ಬಿಟ್ಟ ಖಾಲಿ ಜಾಗ) ಇದ್ದಲ್ಲಿ ಅದೇ ವಾಸಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ಎಸಿ ಈಗಲೇ ಹಾಕಿಸಲ್ಲ, ಆದರೂ ಪೈಪು ಬೇಕಾ?

ಉತ್ತರಹಳ್ಳಿಯಿಂದ:
ಮಲಗುವ ಕೋಣೆಗಳಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರು ಹೊರಗೆ ಹೋಗುವ ಪೈಪನ್ನಾದರೂ ಗೋಡೆಯೊಳಗೆ ಹಾಕಿಸಿಬಿಡಿ. ಉದ್ದಕ್ಕೂ ಇಳಿಜಾರು ಇರಲಿ. ಪ್ಲಾಸ್ಟರಿಂಗ್ ಮಾಡುವ ಮುಂಚೆ ಒಂದು ಚೊಂಬು ನೀರು ಸುರಿದು, ಇನ್ನೊಂದು ತುದಿಯಲ್ಲಿ ಪೂರ್ತಿ ಬಂತಾ ಅಂತ ನೀವೇ ನಿಂತು ನೋಡಿ.